ವಿಮಾನದ ಸಾಮಾನು, ತೂಕ ಮತ್ತು ದಾಕ್ಷಿಣ್ಯ

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ಹೊರಡುವುದೆಂದರೆ ನಮಗೆ ಇಂದಿಗೂ ಗಂಟು ಕಟ್ಟುವುದೆಂದೇ ಅರ್ಥ. ಹೋಗುವಾಗ ಮಕ್ಕಳಿಗೆ ಬಟ್ಟೆ, ತಾಯಿಗೊಂದು ಸೀರೆ, ತಮ್ಮನಿಗೆ ಬೂಟು. ಬರುವಾಗ ಕುಚ್ಚಲಕ್ಕಿ, ಹಪ್ಪಳ, ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ. ರೈಲಿನಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಸ್ಲೀಪರ್ ದರ್ಜೆಯವರಿಗೆ 40 ಕಿಲೋ, ಎರಡನೆಯ ದರ್ಜೆಯವರಿಗೆ 35 ಕಿಲೋ ಉಚಿತವೆಂದು ರೈಲ್ವೆಯ ನಿಯಮವೇನೋ ಉಂಟು. ಆದರೆ ಅಂಥದೊಂದು ನಿಯಮ ಇದೆಯೆಂಬುದೇ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಸೀಟಿನ ಕೆಳಗೆ ಹಿಡಿಸಿದರೆ ಆಯಿತು; ಹಿಡಿಸದಿದ್ದರೆ ಎದುರಿನವರಿಗೆ ‘ಸ್ವಲ್ಪ ಕಾಲು ಸರಿಸಿ’ ಎಂದರಾಯಿತು.

ಈಗ ನಾವೂ ವಿಮಾನ ಹತ್ತುವ ಕಾಲ ಬಂದಿದೆ. 2019ರಲ್ಲಿ ಕಲಬುರಗಿಗೆ, 2020ರಲ್ಲಿ ಬೀದರಿಗೆ ವಿಮಾನಗಳು ಇಳಿಯತೊಡಗಿದವು. ತಂದೆಗೆ ಕಾಯಿಲೆಯೆಂದು ಊರಿನಿಂದ ಫೋನು ಬಂದಾಗ ರೈಲಿನ ವೇಟಿಂಗ್ ಲಿಸ್ಟನ್ನು ನೆಚ್ಚಿಕೊಂಡು ಕೂರಲಾಗುವುದಿಲ್ಲ. ಸಾಲ ಮಾಡಿಯಾದರೂ ವಿಮಾನದ ಟಿಕೇಟು ತೆಗೆಯುತ್ತೇವೆ. ತೆಗೆದದ್ದೂ ಅಗ್ಗದ ಟಿಕೇಟೇ. ದೇಶದೊಳಗಿನ ಪ್ರಯಾಣಕ್ಕೆ ಇಂಥ ಟಿಕೇಟಿನಲ್ಲಿ ಸಾಮಾನ್ಯವಾಗಿ ಸಿಗುವುದು ಕೆಳಗೆ ಹಾಕುವ ಸಾಮಾನಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ರೈಲಿನ 40 ಎಲ್ಲಿ, ಈ 15 ಎಲ್ಲಿ!

ಹೆಚ್ಚಿನ ಕಿಲೋಗೆ ಏನು ಬೆಲೆ? ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಿಲೋಗೆ 500 ರೂಪಾಯಿಯಂತೆ ಲೆಕ್ಕ ಹಿಡಿಯಿರಿ. 4 ಕಿಲೋ ಹೆಚ್ಚಾದರೆ 2,000 ರೂಪಾಯಿ. ಚೀಲದಲ್ಲಿರುವ ಅಕ್ಕಿಗೆ ಅದರ ಹತ್ತರಲ್ಲೊಂದು ಪಾಲು ಬೆಲೆಯೂ ಬಾಳದು. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗನಿಗೆ ಇದು ಮೂರು ನಾಲ್ಕು ದಿನದ ಸಂಬಳ. 2016ರಲ್ಲಿ ಸರ್ಕಾರದ ವಿಮಾನಯಾನ ನಿರ್ದೇಶನಾಲಯವು, 15ರಿಂದ 20 ಕಿಲೋವರೆಗೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ವಸೂಲು ಮಾಡಬಾರದೆಂದು ಕಂಪನಿಗಳಿಗೆ ಆಜ್ಞೆ ಮಾಡಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು; 2017ರಲ್ಲಿ ದೆಹಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು.

ಕಂಪನಿಯವರ ಪಕ್ಷದಲ್ಲಿ ಹೇಳುವ ಮಾತೂ ಇಲ್ಲದಿಲ್ಲ. ವಿಮಾನಕ್ಕೆ ತೂಕವೆಂದರೆ ಎಣ್ಣೆ, ಎಣ್ಣೆಯೆಂದರೆ ಹಣ. ಚೀಲವಿಲ್ಲದೆ ಹೋಗುವವನು ಚೀಲದವನ ಖರ್ಚನ್ನೇಕೆ ಹೊರಬೇಕೆಂದು ಅವರು ಕೇಳುತ್ತಾರೆ. ಕೈಚೀಲವೊಂದರಲ್ಲೇ ಹೋಗುವವರಿಗೆ ದರ ಇಳಿಸಬಹುದೆಂದು 2021ರಲ್ಲಿ ನಿರ್ದೇಶನಾಲಯವೂ ಒಪ್ಪಿಗೆ ಕೊಟ್ಟಿತು. ವಾದ ಸರಿಯೆಂದೇ ಇಟ್ಟುಕೊಳ್ಳೋಣ. ಆದರೆ ಪ್ರಯಾಣಿಕರ ಮೈತೂಕವನ್ನು ಸರಾಸರಿಯ ಮೇಲೆ ಲೆಕ್ಕ ಹಾಕಿ ಬಿಡುತ್ತಾರೆ. ನಮ್ಮ ಗುಂಪಿನ ಬಡಕಲು ಗುಮಾಸ್ತರೂ ಪಕ್ಕದ ಸೀಟಿನ ಪೈಲ್ವಾನರೂ ಅಲ್ಲಿ ಒಂದೇ! ಚೀಲಕ್ಕೆ ಮಾತ್ರ ಕಿಲೋ ಕಿಲೋ ಲೆಕ್ಕ. ಅದಿರಲಿ. ಅದೇ 4 ಕಿಲೋವನ್ನು ಮುಂಚಿತವಾಗಿ ಕೊಂಡರೆ ಒಂದು ದರ, ಕೌಂಟರಿಗೆ ಬಂದು ಕೊಂಡರೆ ಅದಕ್ಕಿಂತ ಹೆಚ್ಚಿನ ದರ. ಎಣ್ಣೆ ಸುಡುವುದು ಎರಡಕ್ಕೂ ಅಷ್ಟೇ. ಹಾಗಾದರೆ ಈ ವ್ಯತ್ಯಾಸ ತೂಕದ ಬೆಲೆಯಲ್ಲ, ತಿಳಿಯದಿದ್ದುದಕ್ಕೆ ಕಟ್ಟುವ ದಂಡ. ತಿಳಿಯದವರು ಯಾರೆಂದು ಬೇರೆ ಹೇಳಬೇಕೆ?

ಕಳೆದ ವರ್ಷ ನಮ್ಮ ಸದಸ್ಯರೊಬ್ಬರು ಕುಂದಾಪುರದ ಕಡೆಗೆ ಹೋಗಲು ಮಂಗಳೂರಿನ ವಿಮಾನ ಹಿಡಿದರು. ಚೀಲ 3 ಕಿಲೋ ಹೆಚ್ಚಿತ್ತು. ಅವರಿಗೆ ಬರುವ ಹರಕು ಹಿಂದಿಯಲ್ಲಿ ಕೇಳಿಕೊಂಡರು, ಆಗುವುದಿಲ್ಲವೆಂದರು. ಸಾಲಿನಿಂದ ಪಕ್ಕಕ್ಕೆ ಸರಿದು, ಎಲ್ಲರ ಕಣ್ಣೆದುರಿಗೆ ಚೀಲ ಬಿಚ್ಚಿ, ಅಕ್ಕನ ಮಗಳಿಗೆಂದು ಕೊಂಡಿದ್ದ ಸ್ಟೀಲು ಪಾತ್ರೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಅವರ ಹಿಂದಿನಿಂದ ಬಂದ ಸೂಟುಧಾರಿಯ ಪೆಟ್ಟಿಗೆಯೂ 18 ಕಿಲೋ ತೋರಿಸಿತು. ಆತ ಇಂಗ್ಲಿಷಿನಲ್ಲಿ ಎರಡು ಮಾತಾಡಿ ನಕ್ಕರು, ಕೌಂಟರಿನವರೂ ನಕ್ಕರು, ಪೆಟ್ಟಿಗೆ ಹೋಯಿತು. ‘ದುಡ್ಡು ಹೋದದ್ದಕ್ಕಲ್ಲ ಸ್ವಾಮಿ, ಪಾತ್ರೆ ಹೆಕ್ಕುವಾಗ ನಾಚಿಕೆಯಾಯಿತು’ ಎಂದು ಆ ಸದಸ್ಯರು ನಮಗೆ ಹೇಳಿದರು.

ಕೌಂಟರಿನವರಿಗೆ ಸ್ವಲ್ಪ ಸಡಿಲಿಸುವ ಮನಸ್ಸಿರಬೇಕೆಂದು ಪತ್ರಿಕೆಗಳಲ್ಲಿ ಆಗಾಗ ಬರೆಯುವವರುಂಟು. ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ನಮ್ಮಲ್ಲಿ ಅರ್ಧದಷ್ಟು ಜನ ಕೌಂಟರಿನ ಒಳಗೆ ಕೂರುವವರೇ. ಬ್ಯಾಂಕು, ಅಂಚೆ, ರೈಲು, ವಿಮೆ, ಎಲ್ಲ ಕಡೆಯೂ ನಾವಿದ್ದೇವೆ. ದಾಕ್ಷಿಣ್ಯ ಯಾರ ಕಡೆಗೆ ಹರಿಯುತ್ತದೆಂದು ನಮಗೆ ತಿಳಿಯದೆ? ಪರಿಚಯದವರಿಗೆ, ನಮ್ಮ ಭಾಷೆಯವರಿಗೆ, ಗಟ್ಟಿಯಾಗಿ ಮಾತಾಡುವವರಿಗೆ, ಮೇಲಿನವರ ಹೆಸರು ಹೇಳುವವರಿಗೆ ಮೊದಲು ಹರಿಯುತ್ತದೆ. ಮೂಲೆಯಲ್ಲಿ ಕೈಕಟ್ಟಿ ನಿಂತವನ ತನಕ ಬರುವ ಹೊತ್ತಿಗೆ ಒಣಗಿಹೋಗಿರುತ್ತದೆ. ಬಿಡಲು ಬಂದರೆ ಎಲ್ಲರಿಗೂ ಬಿಡಲಿ. ಎರಡು ಕಿಲೋವರೆಗೆ ಮಾಫಿಯೆಂದಾದರೆ ಅದನ್ನು ಬರೆದು ಕೌಂಟರಿನ ಮೇಲೆ ಅಂಟಿಸಲಿ.

ಕೌಂಟರಿನ ಹುಡುಗಿಯನ್ನು ಬೈದು ಪ್ರಯೋಜನವೂ ಇಲ್ಲ. ಅವಳ ಹಿಂದೆ ಮೇಲ್ವಿಚಾರಕರಿದ್ದಾರೆ, ವಸೂಲಿಯ ಲೆಕ್ಕವಿದೆ. ಯೂರೋಪಿನ ರಯಾನ್‌ಏರ್ ಕಂಪನಿಯಂತೂ ಮಿತಿಮೀರಿದ ಚೀಲ ಹಿಡಿದುಕೊಡುವ ನೌಕರರಿಗೆ ಚೀಲವೊಂದಕ್ಕೆ ಒಂದೂವರೆ ಯೂರೋ ಕೊಡುತ್ತಿದ್ದು, 2025ರಲ್ಲಿ ಅದನ್ನು ಎರಡೂವರೆ ಯೂರೋಗೆ ಏರಿಸಿತು. ಹಿಡಿದಷ್ಟೂ ಬಹುಮಾನವೆಂದರೆ ಕನಿಕರಕ್ಕೆ ಜಾಗವೆಲ್ಲಿ?

ನಿಯಮವನ್ನೇ ಸಡಿಲಿಸಲು ಸಾಧ್ಯವೆಂಬುದಕ್ಕೆ ನಮ್ಮ ಕಣ್ಣೆದುರಿಗೇ ಉದಾಹರಣೆಯಿದೆ. ತೆಂಗಿನಕಾಯಿಯನ್ನು ವಿಮಾನದ ಕೈಚೀಲದಲ್ಲಿ ಒಯ್ಯುವಂತಿರಲಿಲ್ಲ. ಶಬರಿಮಲೆಗೆ ಹೋಗುವ ಸ್ವಾಮಿಗಳಿಗೆ ಇರುಮುಡಿಯ ಕಾಯಿಯೇ ಮುಖ್ಯ; ಅದನ್ನು ಕೈಬಿಟ್ಟು ಕೆಳಗೆ ಹಾಕಲು ಅವರು ಒಪ್ಪರು. 2022ರ ಯಾತ್ರೆಯ ಕಾಲಕ್ಕೆ ಸರ್ಕಾರ ಇರುಮುಡಿಯ ತೆಂಗಿನಕಾಯಿಗೆ ವಿನಾಯಿತಿ ಕೊಟ್ಟಿತು. 2024ರಲ್ಲಿ ಮತ್ತೆ, 2025ರ ಜನವರಿ 20ರವರೆಗೆ ಎಂದು ಪ್ರಕಟಿಸಿತು. ಭದ್ರತೆಯ ತಪಾಸಣೆ ತಪ್ಪಲಿಲ್ಲ. ಯಂತ್ರದಲ್ಲಿ ನೋಡಿಯೇ ಬಿಟ್ಟರು. ಯಾರೂ ಯಾರ ಕಾಲನ್ನೂ ಹಿಡಿಯಬೇಕಾಗಲಿಲ್ಲ. ಇಂಗ್ಲಿಷು ಬಲ್ಲ ಸ್ವಾಮಿಗೂ ಬಾರದ ಸ್ವಾಮಿಗೂ ಒಂದೇ ಕಾಗದ.

ಅಂಥ ಕಾಗದ ತೂಕದ ವಿಷಯದಲ್ಲೂ ಬರುವ ತನಕ ನಾವು ಸುಮ್ಮನೆ ಕೂರಬೇಕಾಗಿಲ್ಲ. ಟಿಕೇಟು ತೆಗೆಸುವಾಗಲೇ ಅದರಲ್ಲಿ ಎಷ್ಟು ಕಿಲೋ ಎಂದು ಕೇಳಿಕೊಳ್ಳಿ. ಹೆಚ್ಚಾಗುವುದು ಖಚಿತವಾದರೆ ಮನೆಯಿಂದಲೇ ಮೊಬೈಲಿನಲ್ಲಿ ಕೊಂಡುಬಿಡಿ. ಗಂಡಹೆಂಡಿರು, ಅಣ್ಣತಮ್ಮಂದಿರು ಕೂಡಿ ಹೊರಟರೆ ಒಂದೇ ಟಿಕೇಟಿನಲ್ಲಿ ಹೆಸರು ಹಾಕಿಸಿ. ಅನೇಕ ಕಂಪನಿಗಳಲ್ಲಿ ಆಗ ಎಲ್ಲರ ತೂಕವನ್ನೂ ಒಟ್ಟಿಗೆ ಹಿಡಿಯುತ್ತಾರೆ, ಒಬ್ಬರ ಕಡಿಮೆ ಇನ್ನೊಬ್ಬರ ಹೆಚ್ಚಿಗೆ ಸರಿಹೋಗುತ್ತದೆ. ಚೀಲ ಇಡುವ ಮುಂಚೆ ತಕ್ಕಡಿಯ ಅಂಕಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ಕಿರಾಣಿ ಅಂಗಡಿಯಲ್ಲಿ ನೋಡುತ್ತೇವೆ, ಇಲ್ಲಿ ನೋಡಲು ಸಂಕೋಚವೇಕೆ? ಹಣ ಕಟ್ಟಿದರೆ ರಸೀತಿ ಬೇಕೆನ್ನಿ. ಅನ್ಯಾಯವೆನಿಸಿದರೆ ಮೊದಲು ಕಂಪನಿಗೆ ಬರೆಯಿರಿ, ಬಳಿಕ ಸರ್ಕಾರದ ‘ಏರ್ ಸೇವಾ’ದಲ್ಲಿ ದೂರು ಕೊಡಿ. ಬರೆಯಲು ಬಾರದವರು ಇಲ್ಲಿಗೆ ಬನ್ನಿ. ಅರ್ಜಿ ಬರೆಯುವುದರಲ್ಲಿ ಕೈ ಪಳಗಿದ ಗುಮಾಸ್ತರಿಗೆ ನಮ್ಮಲ್ಲಿ ಬರವಿಲ್ಲ.

ಸಂಘದವರು ಒಪ್ಪಿದ್ದಾರೆ: ಬರುವ ಭಾನುವಾರದಿಂದ ಪತ್ರಿಕೆಗಳ ಮೇಜಿನ ಪಕ್ಕದಲ್ಲಿ ಕೊಕ್ಕೆಯ ತಕ್ಕಡಿಯೊಂದು ತೂಗುತ್ತಿರುತ್ತದೆ. ಬೇರೆ ಬೇರೆ ಕಂಪನಿಗಳ ತೂಕದ ನಿಯಮಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕುವ ಕೆಲಸಕ್ಕೆ ಒಳ್ಳೆಯ ಅಕ್ಷರದವರು ಇಬ್ಬರು ಬೇಕಾಗಿದ್ದಾರೆ. ಸಂಜೆ ಏಳರ ಮೇಲೆ ಬಂದು ಹೆಸರು ಕೊಡಿ.