ಗಣಕಯಂತ್ರವು ಚೀಟಿ ಎತ್ತುವ ಬಗೆ



ಊರಿಗೆ ಹಣ ಕಳುಹಿಸಲು ನಾವೀಗ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವುದು ಅಪರೂಪ, ಫೋನಿನಿಂದಲೇ ಕಳುಹಿಸುತ್ತೇವೆ. ಆ ಸಂದೇಶವನ್ನು ದಾರಿಯಲ್ಲಿ ಯಾರೂ ಓದದಂತೆ ಯಂತ್ರವು ಬೀಗ ಹಾಕುತ್ತದೆ. ಆ ಬೀಗದ ಕೀಲಿಕೈ ಎಂದರೆ ಯಾರೂ ಊಹಿಸಲಾಗದ ಒಂದು ದೊಡ್ಡ ಸಂಖ್ಯೆ. ಅದು ಹುಟ್ಟುವುದು ಎಲ್ಲಿ ಎಂಬುದೇ ಇಂದಿನ ವಿಷಯ.

ತಿಂಗಳ ಚೀಟಿಯ ವ್ಯವಹಾರ ನಮಗೆಲ್ಲ ಗೊತ್ತಿದ್ದದ್ದೇ. ಡಬ್ಬಿಯನ್ನು ಚೆನ್ನಾಗಿ ಕುಲುಕಿ ಎತ್ತಿದರೆ ತಕರಾರಿಲ್ಲ; ಕುಲುಕದಿದ್ದರೆ ಗದ್ದಲ! ಗಣಕಯಂತ್ರದ ಲೆಕ್ಕಕ್ಕೆ ಮಾತ್ರ ಈ ಕುಲುಕುವ ವಿದ್ಯೆ ಬಾರದು. ಒಂದೇ ಆರಂಭ ಕೊಟ್ಟರೆ ಸಾವಿರ ಸಲವೂ ಅದೇ ಉತ್ತರ. ಆದುದರಿಂದ ಗಲಿಬಿಲಿಯನ್ನು ಹೊರಗಿನಿಂದ ತರಬೇಕು. ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವ ನಡುವಿನ ಸೂಕ್ಷ್ಮ ಕಾಲ, ಡಿಸ್ಕಿನಿಂದ ಉತ್ತರ ಬಂದ ಕ್ಷಣ, ಇವುಗಳ ಕೊನೆಯ ಅಂಕಿಗಳನ್ನು ಯಾರೂ ಮುಂಚೆ ಹೇಳಲಾರರು. ಯಂತ್ರದ ಒಳಾಡಳಿತ ನೋಡುವ ಆಪರೇಟಿಂಗ್ ಸಿಸ್ಟಮ್ ಇವನ್ನು ಕೂಡಿಹಾಕಿ ಕಲಸಿಡುತ್ತದೆ. ಹೀಗೆ ಕೂಡಿದ ಅನಿಶ್ಚಿತತೆಗೆ ಎಂಟ್ರೊಪಿ ಎನ್ನುತ್ತಾರೆ.

ಇದು ತಪ್ಪಿದರೆ ಏನಾಗುತ್ತದೆ? ಡೆಬಿಯನ್ ಎಂಬ ಸಿಸ್ಟಮ್ಮಿನಲ್ಲಿ ಕೀಲಿಕೈ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮ್ ಇದೆ. 2006ರಲ್ಲಿ ಒಂದು ತಪಾಸಣಾ ಸಾಧನ ಎಚ್ಚರಿಕೆ ಕೊಟ್ಟಿತೆಂದು ಅದರಿಂದ ಎರಡು ಸಾಲು ತೆಗೆದರು. ಗಲಿಬಿಲಿಯನ್ನು ಒಳಗೆ ಸೇರಿಸುತ್ತಿದ್ದುದೇ ಆ ಸಾಲು! ಉಳಿದದ್ದು ನಡೆಯುತ್ತಿರುವ ಕೆಲಸದ ಕ್ರಮಸಂಖ್ಯೆ ಒಂದೇ. ಅದು ಹೆಚ್ಚೆಂದರೆ 32,768. ಅಂದರೆ ಒಂದು ಜಾತಿಯ ಯಂತ್ರದಲ್ಲಿ, ಒಂದು ಅಳತೆಗೆ, ಅಷ್ಟೇ ಕೀಲಿಕೈಗಳು. ಕಳ್ಳನು ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡಬಹುದಿತ್ತು.

ನಮ್ಮ ಗಿರಣಿಯ ಹಾಜರಿ ಪಟ್ಟಿಯಲ್ಲಿ ತಪ್ಪಿದ್ದರೆ ಸಂಬಳದ ದಿನ ಕೂಗು ಏಳುತ್ತದೆ. ಇಲ್ಲಿ ಕೂಗುವವರಿರಲಿಲ್ಲ. ಕೀಲಿಕೈ ನೋಡಲು ಲಕ್ಷಣವಾಗಿಯೇ ಇತ್ತು, ಬೀಗವೂ ಬೀಳುತ್ತಿತ್ತು. ಲೂಸಿಯಾನೊ ಬೆಲ್ಲೊ ಎಂಬವರು ಕಂಡುಹಿಡಿದ ಈ ದೋಷ ಲೋಕಕ್ಕೆ ತಿಳಿದದ್ದು 2008ರ ಮೇ ತಿಂಗಳಲ್ಲಿ. ಪ್ರೋಗ್ರಾಮ್ ಸರಿಪಡಿಸಿದರೆ ಸಾಲದಾಯಿತು. ನಡುವಿನ ಅವಧಿಯಲ್ಲಿ ಅದರಿಂದ ಹುಟ್ಟಿದ ಕೀಲಿಕೈಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು.

ಇನ್ನೊಂದು ತೊಡಕು ಹೊಸ ಯಂತ್ರದ್ದು. ಪೆಟ್ಟಿಗೆಯಿಂದ ತೆಗೆದು ಈಗತಾನೇ ಚಾಲೂ ಮಾಡಿದ ರೂಟರಿಗೆ ಕೀಲಿಮಣೆಯೂ ಇಲ್ಲ, ಕೂಡಿಟ್ಟ ಗಲಿಬಿಲಿಯೂ ಇಲ್ಲ. ಆ ಕ್ಷಣದಲ್ಲೇ ಅದು ಕೀಲಿಕೈ ಮಾಡಿಬಿಡುತ್ತದೆ. ಅಂಥ ಯಂತ್ರಗಳಲ್ಲಿ ಹಲವು ಒಂದೇ ಕೀಲಿಕೈ ಹಿಡಿದಿರುವುದನ್ನು 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. 2014ರಲ್ಲಿ ಲಿನಕ್ಸಿಗೆ ಹೊಸ ಏರ್ಪಾಟೊಂದು ಬಂತು: ಅದರ ಮೂಲಕ ಕೇಳಿದವರಿಗೆ, ಸಾಕಷ್ಟು ಎಂಟ್ರೊಪಿ ಕೂಡುವವರೆಗೆ, ಸಂಖ್ಯೆ ಕೊಡದೆ ಬಾಗಿಲಲ್ಲೇ ಕಾಯಿಸುತ್ತದೆ.