ಸೋರುವ ಮಾಳಿಗೆಯ ಪದ



ಶಿಶುನಾಳ ಶರೀಫರ (1819-1889) ತತ್ವಪದ ನಮ್ಮ ಭಜನಿಯೊಳಗ ಕೇಳೀರಿ. ಅವರ ಎರಡು ಪದಗಳನ್ನು ರಘು ದೀಕ್ಷಿತ್ ಅವರು 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಹಾಡಿದ್ದಾರೆ. ರಘು ತಾವೇ ಹಾಡು ಕಟ್ಟಿ ಹಾಡುವವರು.

ಒಳ್ಳೆಯದು ಏನು? ದನಿ ಗಟ್ಟಿ. ಗಿಟಾರ್ ಜೋಡಿ ಹಳೇ ಪದ ಕೇಳಿ ಹುಡುಗರೂ ಹಾಡತಾರ.

ಕೊರತೆ ಏನು? ವಾದ್ಯದ ಸದ್ದು ಏರಿದಾಗ ಮಾತು ಮುಳುಗತಾವ. ಸೋರುವ ಮಾಳಿಗೆ ಅಂದರೆ ಮಣ್ಣಿನ ಮಾಳಿಗಿ ಅಂತ ತಿಳಿದು ಸುಮ್ಮನಾಗತೇವಿ. ಶರೀಫರು ಹೇಳಿದ್ದು ಅರಿವಿಲ್ಲದ ಮನಸ್ಸಿನ ಮಾತು. ಭಜನಿಯಾಗ ಹಿರಿಯರು ನಡುವೆ ನಿಂತು ಅರ್ಥ ಹೇಳತಾರ. ಆಲ್ಬಮ್‌ನಾಗ ಆ ಬಿಡುವಿಲ್ಲ.

ಈಗ ನಿಮಗೆ ಓದು ಬಂದಿದೆ. ಹಾಡು ಕೇಳ್ರಿ. ಪದದ ಪುಸ್ತಕ ತಗದು ಬೆರಳಿಟ್ಟು ಓದ್ರಿ. ಮಾಳಿಗಿ ಎಲ್ಲಿ ಸೋರತದ ಅಂತ ನಾಳೆ ತರಗತಿಯಲ್ಲಿ ನೀವೇ ಹೇಳ್ರಿ.