ಬಂಡಿ ಹೊರಡುವ ಮುನ್ನ ಉರಿ ಆರಿಸಿರಿ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಹಿರಿಯರಲ್ಲಿ ಅನೇಕರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುತ್ತಾರೆ. ಅಲ್ಲಿ ಬೇಸಿಗೆಯ ರಜೆ ಬಂತೆಂದರೆ, ಚಕ್ರದ ಮೇಲಿನ ಪುಟ್ಟ ಮನೆಯೊಂದನ್ನು ಕಾರಿನ ಹಿಂದೆ ಕೊಂಡಿಹಾಕಿ ಎಳೆದುಕೊಂಡು ಊರೂರು ಸುತ್ತುವ ವಾಡಿಕೆಯುಂಟು. ಇದನ್ನು ಟ್ರೇಲರ್ ಎನ್ನುತ್ತಾರೆ. ಮಲಗಲು ಮಂಚ, ಅಡಿಗೆಗೆ ಒಲೆ, ಜೊತೆಗೊಂದು ಫ್ರಿಜ್ಜು. ಹೊರಡುವ ಗಳಿಗೆಯಲ್ಲಿ ಹಿರಿಯರ ಬಾಯಿಂದ ಸಹಜವಾಗಿ ಬರುವ ಮಾತು: "ಫ್ರಿಜ್ಜು ಆರಿಸಬೇಡಪ್ಪಾ, ಮೊಸರು ಹುಳಿಯಾದೀತು." ಈ ಮಾತಿನಲ್ಲಿ ಅಕ್ಕರೆಯಿದೆ; ಅಪಾಯವೂ ಇದೆ. ಅದನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ನಮ್ಮ ಮನೆಗಳ ಫ್ರಿಜ್ಜಿನಲ್ಲಿ ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರ್ ಇರುತ್ತದೆ. ಅನೇಕ ಟ್ರೇಲರುಗಳಲ್ಲಿರುವುದು ಬೇರೆ ಜಾತಿ. ಅದು ಉರಿಯಿಂದ ತಣ್ಣಗಾಗುತ್ತದೆ! ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ತರುಣರು 1922ರಲ್ಲಿ ಇದನ್ನು ಕಂಡುಹಿಡಿದರು. ಮುಚ್ಚಿದ ಕೊಳವೆಗಳಲ್ಲಿ ಅಮೋನಿಯ, ನೀರು, ಜಲಜನಕಗಳನ್ನು ತುಂಬಿರುತ್ತಾರೆ. ಕೆಳಗಿನ ಶಾಖಕ್ಕೆ ಅಮೋನಿಯ ನೀರನ್ನು ಬಿಟ್ಟು ಮೇಲೇರಿ, ಹೊರಗಾಳಿಗೆ ತಣಿದು ದ್ರವವಾಗುತ್ತದೆ. ಅದು ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ತಿರುಗುವ ಯಂತ್ರವಿಲ್ಲ, ಸದ್ದೂ ಇಲ್ಲ. ಶಾಖಕ್ಕಾಗಿ ಬೇಕಾದುದು ವಿದ್ಯುತ್ತು ಅಥವಾ ಪ್ರೊಪೇನ್ ಅನಿಲದ ಸಣ್ಣ ಉರಿ.

ನಿಂತ ಬಂಡಿಯಲ್ಲಿ ಈ ಉರಿ ಉಪಕಾರಿ. ಓಡುವ ಬಂಡಿಯಲ್ಲಿ ಹಾಗಲ್ಲ. ಹೆದ್ದಾರಿಯಲ್ಲಿ ಟೈರು ಸಿಡಿದರೆ ಅದರ ಚೂರುಗಳು ಬಂಡಿಯ ತಳಕ್ಕೆ ಬಡಿದು, ಅಲ್ಲಿ ಹಾಯುವ ಅನಿಲದ ಕೊಳವೆಯನ್ನೇ ಹರಿಯಬಹುದು. ಸಿಲಿಂಡರಿನ ಕವಾಟ ತೆರೆದಿದ್ದು ಒಳಗೆ ಉರಿಯೂ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಅನಿಲ ಒಮ್ಮೆಲೇ ನುಗ್ಗಿದರೆ ತಡೆಯುವ ಸಾಧನ ಇರುತ್ತದೆ, ನಿಜ. ಆದರೆ ಸಣ್ಣ ಸೋರಿಕೆಗೆ ಅದು ಜಗ್ಗುವುದಿಲ್ಲ. ಇನ್ನೊಂದು ಮಾತು: ಬೆಂಕಿ ಹತ್ತುವುದು ಹಿಂದೆ, ಕಾರು ನಡೆಸುವವನು ನೋಡುವುದು ಮುಂದೆ. ಅವನಿಗೆ ತಿಳಿಯುವ ವೇಳೆಗೆ ಕಾಲ ಮಿಂಚಿರುತ್ತದೆ.

ಪೆಟ್ರೋಲ್ ಬಂಕಿನಲ್ಲಂತೂ ಇದು ಕೂಡದೇ ಕೂಡದು. ಪೆಟ್ರೋಲಿನ ಆವಿಯೂ ಪ್ರೊಪೇನೂ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದುದ್ದಕ್ಕೂ ಹರಿಯುತ್ತವೆ. ಅನೇಕ ಫ್ರಿಜ್ಜುಗಳು ಉರಿ ನಂದಿದರೆ ತಾವಾಗಿಯೇ ಕಿಡಿ ಹಾರಿಸಿ ಮತ್ತೆ ಹೊತ್ತಿಸಿಕೊಳ್ಳುತ್ತವೆ. ಆದುದರಿಂದ ಫ್ರಿಜ್ಜಿನ ಗುಂಡಿಯನ್ನು ಆರಿಸಿ, ಸಿಲಿಂಡರಿನ ಕವಾಟವನ್ನೂ ತಿರುಗಿಸಿ ಮುಚ್ಚತಕ್ಕದ್ದು. ರಜೆಗೆ ಊರಿಗೆ ಹೊರಡುವಾಗ ನಾವು ಅಡಿಗೆಮನೆಯ ರೆಗ್ಯುಲೇಟರ್ ಆರಿಸಿದೆವೇ ಎಂದು ಬಾಗಿಲಿನಿಂದ ಹಿಂತಿರುಗಿ ನೋಡುವುದಿಲ್ಲವೇ? ಇಲ್ಲಿ ಅಡಿಗೆಮನೆಯೇ ನಮ್ಮೊಡನೆ ಹೊರಟಿದೆ!

ಉರಿಸಿಕೊಂಡೇ ಓಡಿಸುವವರು ಬಹಳ ಮಂದಿ. "ಇಷ್ಟು ವರ್ಷ ಏನೂ ಆಗಲಿಲ್ಲ" ಎನ್ನುತ್ತಾರೆ. ಆಗದಿದ್ದುದು ಅದೃಷ್ಟ, ಅದನ್ನು ನಿಯಮವೆಂದು ತಿಳಿಯಬಾರದು.

ಹಾಗಾದರೆ ಮೊಸರಿನ ಗತಿ? ಮುಚ್ಚಿದ ಫ್ರಿಜ್ಜು ಶಕ್ತಿಯಿಲ್ಲದೆಯೂ ಸುಮಾರು 4 ಗಂಟೆ ಕಾಲ ತಂಪನ್ನು ಹಿಡಿದಿಡುತ್ತದೆ. ಹಿಂದಿನ ದಿನವೇ ಫ್ರಿಜ್ಜನ್ನು ಚಾಲೂ ಮಾಡಿರಿ, ಹಾಲು, ಮೊಸರು, ಹಿಟ್ಟುಗಳನ್ನು ಮೊದಲೇ ತಣಿಸಿ ಇಡಿರಿ, ಮಂಜುಗಡ್ಡೆಯ ಚೀಲವೊಂದಿರಲಿ. ದಾರಿಯಲ್ಲಿ ಮಜ್ಜಿಗೆ ಬೇಕೆಂದು ಬಾಗಿಲು ತೆರೆಯಬೇಡಿರಿ. ಬೇಕಾದುದನ್ನು ಬೇರೆ ಡಬ್ಬಿಯಲ್ಲಿ ಕಾರಿನಲ್ಲೇ ಇಟ್ಟುಕೊಳ್ಳಿರಿ. ಒಳಗೊಂದು ಉಷ್ಣಮಾಪಕವಿರಲಿ. ಬೇಗ ಕೆಡುವ ಪದಾರ್ಥ 4 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ 2 ಗಂಟೆ ಮೀರಿದರೆ ಮೋಹವಿಲ್ಲದೆ ಚೆಲ್ಲಿರಿ.

ದೂರದ ಪಯಣವಾದರೆ, ಕಾರಿನ 12 ವೋಲ್ಟ್ ವಿದ್ಯುತ್ತಿನಿಂದ ನಡೆಯುವ ಏರ್ಪಾಟು ಕೆಲವು ಫ್ರಿಜ್ಜುಗಳಲ್ಲಿದೆ. ಆದರೆ ಇದು ಇಂಜಿನ್ ಓಡುವಾಗ ಮಾತ್ರ. 180 ವ್ಯಾಟಿನ ಫ್ರಿಜ್ಜು 15 ಆಂಪಿಯರ್ ಎಳೆಯುತ್ತದೆ. ಇಂಜಿನ್ ನಿಂತಿದ್ದರೆ 100 ಆಂಪಿಯರ್-ಗಂಟೆಯ ಬ್ಯಾಟರಿ 7 ಗಂಟೆಯೊಳಗೆ ಬರಿದು. ತಂತಿ ದಪ್ಪವಾಗಿರಬೇಕು, ಫ್ಯೂಸು ಇರಲೇಬೇಕು; ತೆಳು ತಂತಿ ಕಾದರೆ ಅದೂ ಬೆಂಕಿಯೇ. ಈಚಿನ ಟ್ರೇಲರುಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜುಗಳೂ ಬಂದಿವೆ. ಅವು ಎಳೆಯುವ ವಿದ್ಯುತ್ತು ಕಡಿಮೆ, ಉರಿಯ ಗೊಡವೆಯೇ ಇಲ್ಲ.

ತಂಗುವ ಸ್ಥಳ ಸೇರಿದ ಮೇಲೆ ಉರಿ ಹೊತ್ತಿಸಬಹುದು. ಆಗಲೂ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಬಂಡಿ ಸಮತಟ್ಟಾಗಿ ನಿಂತಿರಲಿ. ವಾಲಿದ್ದರೆ ಕೊಳವೆಯೊಳಗಿನ ದ್ರವ ಒಂದೆಡೆ ತಂಗಿ, ಅತಿಯಾಗಿ ಕಾದು, ಫ್ರಿಜ್ಜು ಶಾಶ್ವತವಾಗಿ ಕೆಡಬಹುದು. ಎರಡನೆಯದು, ಹೊರಗೋಡೆಯ ಗಾಳಿಕಿಂಡಿಗಳಲ್ಲಿ ಕಣಜ ಗೂಡು ಕಟ್ಟಿದೆಯೇ, ಜೇಡ ಬಲೆ ನೆಯ್ದಿದೆಯೇ ನೋಡಿರಿ. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಗಾಳಿ ಸಾಲದೆಂದರ್ಥ; ಆಗ ಹುಟ್ಟುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ. ಅದನ್ನು ಸೂಚಿಸುವ ಗಂಟೆ ಬಂಡಿಯಲ್ಲಿ ಇದೆಯೇ, ಬಾರಿಸುತ್ತದೆಯೇ ಎಂದು ಪರೀಕ್ಷಿಸಿಯೇ ಮಲಗಿರಿ.

ಮಕ್ಕಳಿಗೆ ಬುದ್ಧಿ ಹೇಳಲು ಈ ವಯಸ್ಸಿನಲ್ಲಿ ನಮಗೆ ಅವಕಾಶ ಕಡಿಮೆ. ಇದೊಂದನ್ನು ಮಾತ್ರ ಕೇಳಿಯೇ ಕಾರು ಹತ್ತೋಣ: "ಮಗೂ, ಸಿಲಿಂಡರ್ ಮುಚ್ಚಿದೆಯಾ?" ಮೊಸರು ಹುಳಿಯಾದರೆ ನಾಳೆ ಹೊಸದಾಗಿ ಹೆಪ್ಪು ಹಾಕಬಹುದು.